ಗುರುವಿನ ಗೆಲುವು

ಟೀವಿಯಲ್ಲಿ ಚೀನೀ ಸಿನಿಮಾದ ಶಿಷ್ಯ, ಉದುರುವ ಹೂಗಳ ನಡುವೆ ಹೂವಿನಷ್ಟೇ ಹಗುರಾಗಿ ತೇಲಿ ಬಂದು, ಗುರುವಿನ ಎದೆಗೆ ಗುರಿಯಿಟ್ಟಿದ್ದ ತನ್ನ ಕತ್ತಿಯನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿದ. ಮರುಕ್ಷಣವೇ ಗುರುವಿನ ಕತ್ತಿ ಅವನ ಎದೆಯೊಳಗಿತ್ತು.

“ಗುರಿ ತಪ್ಬುಟ್ಟ, ಪೆದ್ದ!” ಚಂದ್ರಮೌಳಿ ತೊಡೆ ತಟ್ಟಿ ನಕ್ಕರು.

ಅಗ್ರಹಾರದಿಂದ ಊಟಕ್ಕೆ ಬಂದಿದ್ದ ಬೀಗರು, ಸೊಸೆ ರಕ್ಷಿತಾಳ ತಂದೆ ಸಿದ್ದಮಲ್ಲಪ್ಪ, ನಗಲಿಲ್ಲ. “ತಪ್ಪಲಿಲ್ಲ ಬೀಗ್ರೇ. ಗುರುಗಳ ಮರ್ಯಾದೆ ಉಳೀಲಿ ಅಂತ ಬೇಕಂತ್ಲೇ ಬಿಟ್ಕೊಟ್ಟ,” ಎಂದರು.

ಚಂದ್ರಮೌಳಿ ಮೂಲೆಯಲ್ಲಿದ್ದ ಕೇರಂ ಬೋರ್ಡಿನ ಕಡೆ ತಿರುಗಿ ನೋಡಿದರು. ಊಟಕ್ಕೆ ಮುಂಚೆ ಇದೇ ಹಾಲ್‌ನಲ್ಲಿ ಕೇರಂ ಆಡುವಾಗ, ಪಾಕೆಟ್ಟಿನ ಬಾಯಲ್ಲೇ ಇದ್ದ ಕೊನೆಯ ಕಾಯಿನ್ನಿಗೆ ಗುರಿಯಿಟ್ಟ ರಕ್ಷಿತಾ, ಅವರ ಮುಖವನ್ನೊಮ್ಮೆ ನೋಡಿ, ಸ್ಟ್ರೈಕರನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿ ಹೊಡೆದಿದ್ದಳು. ಗೆದ್ದ ಹುಮ್ಮಸ್ಸಿನಲ್ಲಿ ಅವರು ಇದೇ ಬೀಗರಿಗೆ ಅಂದಿದ್ದರು: “ನಿಮ್ಮ ಮಗಳಿಗೆ ಗುರೀನೇ ಇಲ್ಲ ಕಣ್ರೀ. ಅದೇನ್ ಕಲ್ಸಿದ್ರಿ?”

ತೆರೆಯ ಮೇಲೆ ಗುರು ಗೆದ್ದ ಕತ್ತಿಯನ್ನು ಎತ್ತಿ ಹಿಡಿದಿದ್ದ.

“ಕಾಫಿ ಕುಡಿದು ಇನ್ನೊಂದಾಟ ಆಡೋಣ್ವಾ, ಮಾವ?” ಸತ್ತ ಶಿಷ್ಯನಿಗಾಗಿ ತುಂಬಿದ್ದ ಕಣ್ಣೊರೆಸಿಕೊಳ್ಳುತ್ತಾ ರಕ್ಷಿತಾ ಕೇಳಿದಳು.

ಚಂದ್ರಮೌಳಿ ಕೇರಂ ಗೆದ್ದ ಬಲಗೈಯನ್ನು ಮೆಲ್ಲನೆ ಪಂಚೆಯ ಮಡಿಕೆಯೊಳಗೆ ಅಡಗಿಸಿಕೊಂಡರು.