ಅಟ್ಟನ ಅಚ್ಚು

"ಲೋ ವೀಗ, ಅಚ್ಚಲ್ಲಿ ಹೆಸರನ್ನ ಉಲ್ಟಾ ಕೊರೀಬೇಕು ಕಣೋ! ಇಲ್ಲಿ ನೆಟ್ಟಗೇ ಕಾಣ್ತಿದೆ. ನನ್ನ ಹೆಸರು ಕೆಡಿಸಿದೆಯಲ್ಲೋ!" ಇಪ್ಸ್‌ವಿಚ್ ಊರಿನ ಟಂಕಸಾಲೆಯಲ್ಲಿ ನಾಣ್ಯ ಹೊಡೆಯುವ ಅಟ್ಟ, ಅಚ್ಚು ಕೊರೆಯುವ ಹುಡುಗನಿಗೆ ಪಿಸುಗುಟ್ಟಿದ. ರಾಜನ ಅಧಿಕಾರಿ ಎದುರಿಗೇ ನಿಂತಿದ್ದ. ಬೆಳ್ಳಿ ನಾಣ್ಯದ ಮೇಲೆ ಟಂಕಿಸಿದವನ ಹೆಸರು ತಿರುವುಮುರುವಾದರೆ ಅದು ಖೋಟಾ; ಖೋಟಾ ಮಾಡಿದವನ ಬಲಗೈಗೆ ಕೊಡಲಿಯೇಟು.

"ಹೊಡಿಯಯ್ಯಾ, ಇನ್ನೂ ಎಷ್ಟೊತ್ತು?" ಎಂದ ಅಧಿಕಾರಿ.

ಅಟ್ಟ ಬೆಳ್ಳಿಬಿಲ್ಲೆ ಇಟ್ಟು, ಕಣ್ಣುಮುಚ್ಚಿ ಸುತ್ತಿಗೆ ಬೀಸಿದ. ಅಧಿಕಾರಿ ನಾಣ್ಯವನ್ನು ಬೆಳಕಿಗೆ ಹಿಡಿದು, ಶಿಲುಬೆಯ ಸುತ್ತಲಿನ ನಾಲ್ಕಕ್ಷರ ಓದಿದ: ATTA. "ಚೆನ್ನಾಗಿದೆ. ಹೊಡೀತಾ ಇರು," ಎಂದು ಹೊರಟ.

ಅಟ್ಟ ತನ್ನ ಬಲಗೈಯನ್ನೇ ಸವರಿಕೊಂಡ. ವೀಗ ನಕ್ಕ: "ಉಲ್ಟಾನೇ ಕೊರೆದಿದ್ದೆ ಅಣ್ಣ. ನಿಮ್ಮವ್ವ ಇಟ್ಟ ಹೆಸರು ಕನ್ನಡೀಲಿ ನೋಡಿದ್ರೂ ಅದೇ. ಆ ಹೆಸರಿಗೆ ಯಾರೂ ಹೆಸರಿಡಂಗಿಲ್ಲ ಬಿಡು!"