ಲೈನಿಂಗ್ ಹಾಕಿದ ಕಾರು

ಟೈಲರನ ಹೆಂಡತಿಯ ಎಡಗಾಲಿನ ಚಪ್ಪಲಿ, ಓಡುತ್ತಿದ್ದ ಕಾರಿನೊಳಗಿಂದಲೇ ರಸ್ತೆಗೆ ಬಿತ್ತು. ಬಾಗಿಲಿನಿಂದಲ್ಲ, ಕಿಟಕಿಯಿಂದಲ್ಲ, ನೇರ ತಳದಿಂದ. "ರೀ, ಚಪ್ಪಲಿ ಹೋಯ್ತು!" ಎಂದು ಆಕೆ ಕೂಗಿದಳು. ಅಪ್ಪನ ಕಾಲದ ಆ ಕಾರಿನ ಗಡಗಡದಲ್ಲಿ ಟೈಲರನಿಗೆ ಅವಳ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. "ಹೂಂ, ಹಾಗೇ ಮಾಡೋಣ" ಎಂದು ಗೇರ್ ಬದಲಿಸಿದ.

ಮನೆ ಮುಂದೆ ಆಕೆ ಒಂಟಿ ಚಪ್ಪಲಿಯಲ್ಲಿ ಇಳಿದಳು. "ತುಕ್ಕು ತಿಂದೂ ತಿಂದೂ ಇದಕ್ಕೆ ತಳ ಇಲ್ಲ, ನಿಮ್ಮ ಮಾತಿಗೆ ಬುಡ ಇಲ್ಲ. ರಿಪೇರಿ ಆಗೋವರೆಗೂ ನಾನಿದರೊಳಗೆ ಕಾಲಿಡಲ್ಲ!"

'ಕಾಲಿಟ್ರೆ ತಾನೇ ತೊಂದರೆ? ಕಾಲೆತ್ತಿ ಕೂತ್ಕೋ' ಎಂಬ ಉತ್ತರ ಟೈಲರನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಂಜಿನ್ ಆಫ್ ಆಗಿಬಿಟ್ಟಿತ್ತು. ನುಂಗಿಕೊಂಡ. ಅಂಗಡಿಯಲ್ಲಿ ಅವನ ಬಾಯಿ ತುಂಬ ಗುಂಡುಸೂಜಿ, ಮನೆಯಲ್ಲಿ ಬಾಯಿ ತುಂಬ ತುತ್ತು. ಮದುವೆಯಾದಂದಿನಿಂದ ಅವನು ಹೆಂಡತಿಗೆ ಎದುರಾಡಿದ್ದರೆ ಅದು ಈ ಕಾರಿನಲ್ಲಿ ಮಾತ್ರ. ಆಕೆಯ ಒಂದೊಂದು ಮಾತಿಗೂ ಗಡಗಡದ ಮರೆಯಲ್ಲಿ ಮೆಲ್ಲಗೆ ಒಂದೊಂದು ತಿರುಗೇಟು ಕೊಟ್ಟು, ಮನೆ ಸೇರುವಷ್ಟರಲ್ಲಿ ಹತ್ತಿಯಷ್ಟು ಹಗುರಾಗಿರುತ್ತಿದ್ದ.

ತಗಡಿನ ಮೇಸ್ತ್ರಿ ಬಂದು ತುಕ್ಕು ಹಿಡಿದ ಜಾಗ ಕೊಯ್ಯತೊಡಗಿದ. ಟೈಲರ್ ಪಕ್ಕದಿಂದ ಕದಲಲಿಲ್ಲ.

"ತೂತಿನಷ್ಟೇ ಕೊಯ್ದರೆ ಸಾಲದು ಮೇಸ್ತ್ರಿ. ಗಟ್ಟಿ ಅಂಚು ಸಿಗೋವರೆಗೂ ಹೋಗು."

"ಟೈಲರಣ್ಣಾ, ಇದು ಕಾರು, ಕೋಟಲ್ಲ."

"ತೇಪೆ ಎಲ್ಲಿ ಹಾಕಿದ್ರೂ ತೇಪೇನೇ. ಕೊಯ್ಯಪ್ಪಾ."

ಹೊಸ ತಗಡು ಬೆಸೆದದ್ದಾಯಿತು, ತುಕ್ಕು ತಡೆಯುವ ಬಣ್ಣ ಬಳಿದದ್ದಾಯಿತು. ಅಲ್ಲಿಗೆ ಬಿಟ್ಟಿದ್ದರೆ ಸಂಸಾರ ಸುಖವಾಗಿರುತ್ತಿತ್ತು. ಆದರೆ ಲೈನಿಂಗ್ ಇಲ್ಲದ ಕೋಟನ್ನು ಜನ್ಮದಲ್ಲೇ ಅಂಗಡಿಯಿಂದ ಆಚೆ ಕಳಿಸಿದವನಲ್ಲ ಅವನು. ಬರಿಮೈ ತಗಡನ್ನು ಕಂಡು ಕೈ ತುರಿಸಿತು. ಕಾರಿನ ತಳಕ್ಕೆ ಕಾಗದ ಹಾಸಿ ಅಳತೆ ತೆಗೆದ. ದಪ್ಪ ರಬ್ಬರ್ ಹಾಳೆಯ ಮೇಲೆ ಉಣ್ಣೆಯ ಪದರ ಇಟ್ಟು ಕೌದಿಯಂತೆ ಹೊಲಿದ. ಗೇರಿನ ಕಡ್ಡಿ ತೂರುವ ಕಡೆ ಕೋಟಿನ ಗುಂಡಿಗೆ ಮಾಡುವಂಥ ಕಾಜಾ ಮಾಡಿದ. ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು, ನಡುವೆ ಜೋಡುಹೊಲಿಗೆ. ಅಂಚಿಗೆಲ್ಲ ಅಂಟು ಹಚ್ಚಿ ಒತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಟಣಟಣ ಎನ್ನುತ್ತಿದ್ದ ತಳ, ಉಂಡ ಹೊಟ್ಟೆಯ ಹಾಗೆ ಡುಬ್ ಎಂದಿತು. ಟೈಲರ್ ಹಿಗ್ಗಿಹೋದ.

ಹೊಸ ಚಪ್ಪಲಿ ಮೆಟ್ಟಿಕೊಂಡು ಹೆಂಡತಿ ಹತ್ತಿದಳು. ಅಕ್ಕನ ಮನೆಗೆ ಸವಾರಿ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು.

"ನಮ್ಮಕ್ಕನ ಮುಂದೆ ಒಂದು ಒಳ್ಳೇ ಮಾತಾಡಿ. ಅವಳು ನೋಡಿ, ಒಂದು ದಿನಾನೂ ಬಾಯಿ ಜೋರು ಮಾಡಿದವಳಲ್ಲ" ಎಂದಳು.

ಟೈಲರ್ ಅಭ್ಯಾಸಬಲದಿಂದ ರಸ್ತೆ ನೋಡುತ್ತಲೇ ಗೊಣಗಿದ: "ಜೋರು ಮಾಡೋಕೆ ಬಾಯಿಗೆ ಬಿಡುವೆಲ್ಲಿದೆ? ತಿನ್ನೋದರಲ್ಲೇ ಕಳೀತದೆ."

ಆಕೆಯೂ ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗಿ ಗೊಣಗಿದಳು: "ಅಪ್ಪ ಬಡ್ಕೊಂಡ್ರು, ಆ ಗಡಿಯಾರದಂಗಡಿಯವನನ್ನೇ ಮಾಡ್ಕೋ ಅಂತ."

ಎರಡು ಮಾತೂ ರೇಡಿಯೋದಲ್ಲಿ ವಾರ್ತೆ ಓದಿದಷ್ಟು ಸ್ಪಷ್ಟವಾಗಿ ಕೇಳಿಸಿದವು. ಟೈಲರ್ ಬ್ರೇಕ್ ಒತ್ತಿದ.

"ಯಾವ ಗಡಿಯಾರದಂಗಡಿಯವನು?"

"ನಾನೆಲ್ಲಿ ಏನಂದೆ? ನೀವೇ ಏನೋ ಅಂದ್ರಿ, ನಮ್ಮಕ್ಕನ ಬಾಯಿ ಬಗ್ಗೆ."

"ನಾನಾ? ಹೂಂ ಅಂದೆ ಅಷ್ಟೇ ಕಣೇ."

"ಹಾಗಾದ್ರೆ ಇಷ್ಟು ವರ್ಷ ಈ ಕಾರಲ್ಲಿ ಕೂತು ಅಂದಿದ್ದೆಲ್ಲ ಇಂಥಾ ಹೂಂ ಏನು?"

"ನೀನು ಅಷ್ಟು ವರ್ಷವೂ ಕಿಟಕಿ ಕಡೆ ತಿರುಗಿ ಗಿಡ ಎಣಿಸ್ತಿದ್ದೆ ಅಂದ್ಕೊಂಡಿದ್ದೆನಲ್ಲೇ!"

ಇಬ್ಬರೂ ಹಿಂದಿನ ಪ್ರಯಾಣಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲೇ ತಿರುವಿ ನೋಡಿದರು. ಆಮೇಲೆ ಹೋಗುವಾಗಲೂ ಮಾತಿಲ್ಲ, ಬರುವಾಗಲೂ ಮಾತಿಲ್ಲ. ಎಂದೋ ಕೆಟ್ಟಿದೆ ಎಂದುಕೊಂಡಿದ್ದ ಕಾರಿನ ಗಡಿಯಾರ ಮಾತ್ರ, ಟೈಲರನನ್ನು ಅಣಕಿಸಲೆಂದೇ ಎಂಬಂತೆ, ದಾರಿಯುದ್ದಕ್ಕೂ ಟಿಕ್ ಟಿಕ್ ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಟೈಲರ್ ಅಂಗಿಯೊಳಗೆ ಕತ್ತರಿ ಬಚ್ಚಿಟ್ಟುಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಕಾರಿನ ಬಳಿ ಬಂದ. ಎಡಬದಿಯ ಬಾಗಿಲು ಆಗಲೇ ತೆರೆದಿತ್ತು. ಹೆಂಡತಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ನಡುವಿನ ಜೋಡುಹೊಲಿಗೆಯ ಕೊನೆಯ ದಾರ ಕೀಳುತ್ತಿದ್ದಳು. ಅರ್ಧ ಕೌದಿ ಸುರುಳಿ ಸುತ್ತಿಕೊಂಡು ಬಾಗಿಲಿನಿಂದ ಅಂಗಳಕ್ಕೆ ಇಳಿಬಿದ್ದಿತ್ತು.

"ತಗಡು ಇರಲಿ, ಚಪ್ಪಲಿ ಬೀಳಬಾರದು" ಎಂದಳು, ತಲೆಯೆತ್ತದೆ. "ನನ್ನ ಕಡೇದು ಆಯ್ತು. ನಿಮ್ಮ ಕಡೇದು ನೀವು ಬಿಚ್ಕೊಳ್ಳಿ."