ಬಿಳಿ ಗೆರೆಯ ಮೇಲೆ ನಗು

ಪೊಲೀಸ್ ಡೆಪ್ಯುಟಿ ಹಾಲ್ವರ್ಸನ್ ತಾನು ತಡೆದ ಕಾರಿನ ಕಿಟಕಿಯ ಬಳಿ ಬಗ್ಗುವ ಮೊದಲೇ ನಗು ಕೇಳಿಸಿತು. ಸ್ಟೀರಿಂಗ್ ಹಿಡಿದಿದ್ದ ಐವತ್ತರ ಹೆಂಗಸು ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು. ಪಕ್ಕದಲ್ಲಿ ಗಡ್ಡದ ಗಂಡಸೊಬ್ಬ ಕೈಕಟ್ಟಿ ಕುಳಿತಿದ್ದ.

ಕಾರು ಎಲ್ಲಿಂದ ಹೊರಟಿತೆಂದು ಹಾಲ್ವರ್ಸನ್ ನೋಡಿದ್ದ. ಬೆಂಡ್ ಊರಾಚೆ, ಅಮಲೇರಿಸುವ ಅಣಬೆಯನ್ನೇ ಮನಸ್ಸಿನ ಮದ್ದಾಗಿ ಕೊಡುವ ಕೇಂದ್ರ. ಆರೆಗನ್ ರಾಜ್ಯದ ಹೊಸ ಕಾನೂನು ಅದಕ್ಕೆ ಪರವಾನಗಿ ಕೊಟ್ಟಿದೆ. ಅಮಲಿನಲ್ಲಿ ಕಾರು ಓಡಿಸಲು ಕೊಟ್ಟಿಲ್ಲ.

“ಲೈಸೆನ್ಸ್ ಕೊಡಿ ಮೇಡಂ.”

ಡಾರ್ಥಿಯಾ ಪ್ರೂಯಿಟ್. ಶಾಲಾ ಬಸ್ ಓಡಿಸುವ ಪರವಾನಗಿಯೂ ಅದರಲ್ಲೇ ಇತ್ತು. ಒಂದು ಕೇಸು ಬಿದ್ದರೆ ಆ ಕೆಲಸ ಹೋದಂತೆಯೇ.

“ಅಣಬೆ ಎಷ್ಟು ತಗೊಂಡ್ರಿ?”

“ತಗೊಂಡಿದ್ದು ಅವಳಲ್ಲ, ನಾನು,” ಎಂದ ಗಂಡಸು. “ವೆಂಡೆಲ್ ಅಂತ, ಇವಳ ಗಂಡ. ಅಮಲು ಪೂರ್ತಿ ಇಳಿದ್ಮೇಲೇ ಹೊರಗೆ ಬಿಟ್ರು.”

ಡಾರ್ಥಿಯಾ ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿದ್ದು ಬಿದ್ದು ನಕ್ಕಳು.

ಹೆಂಡತಿಯನ್ನು ಉಳಿಸಲು ಗಂಡಂದಿರು ಹೇಳುವ ಸುಳ್ಳುಗಳನ್ನು ಹಾಲ್ವರ್ಸನ್ ಸಾಕಷ್ಟು ಕೇಳಿದ್ದ. ಈ ಮನುಷ್ಯನ ಕಣ್ಣು ನಿಚ್ಚಳ, ಮಾತು ಸ್ಪಷ್ಟ.

“ನೀವು ಸುಮ್ನಿರಿ ಸರ್.”

“ಅಯ್ಯೋ, ಅದೊಂದು ಮಾತ್ರ ಹೇಳ್ಬೇಡಿ!” ಡಾರ್ಥಿಯಾ ಚೀರಿದಳು. ಮತ್ತೆ ನಗು.

“ಕೆಳಗಿಳೀರಿ ಮೇಡಂ. ಆ ಬಿಳಿ ಗೆರೆ ಮೇಲೆ ನಡೀರಿ. ಮುಂದಿನ ಕಾಲಿನ ಹಿಮ್ಮಡಿಗೆ ಹಿಂದಿನ ಕಾಲಿನ ಬೆರಳು ತಾಗ್ಬೇಕು.”

ನಡೆದಳು. ಗೆರೆ ತಪ್ಪಲಿಲ್ಲ. ಹಾಲ್ವರ್ಸನ್‌ಗೆ ಅದೇ ವಿಚಿತ್ರ ಎನಿಸಿತು. ಅಷ್ಟರಲ್ಲಿ ವೆಂಡೆಲ್ ಕಿಟಕಿಯಿಂದ ತಲೆ ಹೊರಹಾಕಿದ.

“ಡಾಟೀ, ಎಡಗಾಲು ಸೊಟ್ಟ ಹೋಗ್ತಿದೆ. ಮದ್ವೆ ದಿನಾನೂ ಹೀಗೇ ನಡೆದಿದ್ದೆ ನೀನು.”

ಅವಳು ರಸ್ತೆಯಂಚಿನಲ್ಲೇ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡಳು.

“ಆಫೀಸರ್,” ವೆಂಡೆಲ್ ಗಂಭೀರವಾಗಿ ಮುಂದುವರಿಸಿದ, “ನಿಮ್ಮ ಗಾಡಿ ಹಿಂದಿನ ಟೈರ್‌ಗೆ ಗಾಳಿ ಕಮ್ಮಿ ಇದೆ. ನೋಡ್ಕೊಳ್ಳಿ.”

ಡಾರ್ಥಿಯಾ ಈಗ ಜಲ್ಲಿಯ ಮೇಲೆ ಹೊರಳಾಡುತ್ತಿದ್ದಳು. ಹಾಲ್ವರ್ಸನ್‌ನ ತುಟಿಯೂ ಅದುರತೊಡಗಿತು. ಅದನ್ನು ಕಚ್ಚಿ ಹಿಡಿದು, ಸೊಂಟದಿಂದ ಬೇಡಿ ತೆಗೆದ.

“ಕೊನೇ ಸಲ ಕೇಳ್ತೀನಿ ಮೇಡಂ. ಗಾಳಿ ಕಮ್ಮಿ ಅಂದ್ರೆ ಇಷ್ಟೊಂದು ನಗೋಕೇನಿದೆ?”

ಡಾರ್ಥಿಯಾ ಹೇಗೋ ಉಸಿರು ಹಿಡಿದು, ಗಂಡನತ್ತ ಬೆರಳು ತೋರಿಸಿದಳು.

“ಇವನು ಕೆಲಸ ಮಾಡ್ತಿದ್ದ ಮಿಲ್‌ಗೆ ಬೆಂಕಿ ಬಿದ್ದಾಗಿಂದ, ಮೂರು ವರ್ಷ, ಇವನ ಬಾಯಿಂದ ಒಂದೇ ಒಂದು ಮಾತು ಹೊರಟಿರ್ಲಿಲ್ಲ ಆಫೀಸರ್!”